ನೂರಹದಿನೇಳನೇ ಪುಸ್ತಕದ ಖಾಲಿ ಪುಟಗಳು

ಮಾನ್ಯ ದಾಖಲೆ ಸಂರಕ್ಷಣಾಧಿಕಾರಿಗಳೇ,

ಇದೇ ತಿಂಗಳ ಇಪ್ಪತ್ತೆರಡರಂದು ತಾವು ತೊಂಬತ್ತಮೂರು ಪುಸ್ತಕಗಳನ್ನು ಕಾಗದದ ಗಿರಣಿಗೆ ಕಳಿಸಲಿದ್ದೀರಿ. ಹಳೆಯ ಜಿಲ್ಲಾ ನ್ಯಾಯಾಲಯದ ಸಾಕ್ಷಿ ಹೇಳಿಕೆಗಳ ಪುಸ್ತಕಗಳವು. ಅವನ್ನೆಲ್ಲ ಯಂತ್ರಕ್ಕೆ ಕೊಟ್ಟು ಪ್ರತಿ ತೆಗೆದಾಗಿದೆ, ಸಂಶೋಧಕರಿಗಾಗಿ ಶಾಶ್ವತವಾಗಿ ಕಾಪಾಡಲಾಗಿದೆ, ಆದ್ದರಿಂದ ಕಾಗದದ ಅಗತ್ಯವಿಲ್ಲ ಎಂಬುದು ತಮ್ಮ ಪ್ರಕಟಣೆಯ ಮಾತು. ಆ ಪ್ರತಿಗಳು ಪೂರ್ಣವಾಗಿಲ್ಲ. ತಮ್ಮ ಯಂತ್ರ ಬಿಟ್ಟುಬಿಟ್ಟ ಪುಟಗಳು ಕಾಗದದಲ್ಲಿ ಮಾತ್ರ ಇವೆ. ಅವುಗಳಲ್ಲಿ ಮೂರು ಪುಟ ನನ್ನ ಅಜ್ಜಿಯವು, ನನ್ನ ಅಮ್ಮ ಅವನ್ನು ಇನ್ನೂ ನೋಡಿಲ್ಲ. ಲಾರಿ ಬರುವ ಮೊದಲು ಇಷ್ಟನ್ನು ಹೇಳಿಬಿಡಬೇಕೆಂದು ಬರೆಯುತ್ತಿದ್ದೇನೆ. ತಮಗೆ ಖಾಸಗಿಯಾಗಿ ಬರೆದ ಮೂರು ಅರ್ಜಿಗಳೂ ತಮ್ಮ ಮೇಜು ತಲುಪದೆ ತಮ್ಮ ಕಚೇರಿಯಲ್ಲೇ ಶಾಶ್ವತವಾಗಿ ಸಂರಕ್ಷಣೆಗೊಂಡಂತೆ ಕಾಣುತ್ತಿರುವುದರಿಂದ ಈ ಸಲ ಎಲ್ಲರೂ ಓದುವ ಹಾಗೆ ಬರೆಯಬೇಕಾಯಿತು.

ನಾನು ಹೊರಗಿನವಳಲ್ಲ. ಹೋದ ವರ್ಷದಿಂದ ಮೊನ್ನೆಯವರೆಗೂ ತಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ಬಸ್‌ಸ್ಟಾಂಡ್ ಕಡೆಗೆ ತೆರೆಯುವ ಕಿಟಕಿಯ ಪಕ್ಕ ಕೂತು ಸಾರಾಂಶ ಬರೆಯುತ್ತಿದ್ದೆ. ಪರದೆಯ ಮೇಲೆ ಮೂಡುವ ಪ್ರತಿಯನ್ನು ಓದಿ, ಒಂದೊಂದು ಮೊಕದ್ದಮೆಗೂ ಒಂದೇ ಒಂದು ಸಾಲು. ಸಂಶೋಧಕರು ಹುಡುಕುವಾಗ ಆ ಸಾಲು ಕಣ್ಣಿಗೆ ಬೀಳಬೇಕು. ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ನಲವತ್ತೆಂಟನೇ ವಯಸ್ಸಿನಲ್ಲಿ, ಜನರ ಬಾಳನ್ನು ಒಂದು ಸಾಲಿಗೆ ಇಳಿಸುವ ಕೆಲಸ ಸಿಕ್ಕಿದಾಗ ಪದ್ಯ ಓದುವವಳಿಗೆ ಹೇಳಿ ಮಾಡಿಸಿದ್ದೆಂದು ನಾನೇ ಬೀಗಿದ್ದೆ. 'ಗೋಡೆಯ ವಿಚಾರವಾಗಿ ಇಬ್ಬರು ಸಹೋದರರ ವ್ಯಾಜ್ಯ, ಅರ್ಜಿ ವಜಾ.' 'ಕಾಣೆಯಾದ ಗಂಡನನ್ನು ಮೃತನೆಂದು ಘೋಷಿಸಲು ಹೆಂಡತಿಯ ಕೋರಿಕೆ, ಮಂಜೂರು.' ದಿನಕ್ಕೆ ಮೂವತ್ತು, ಕೆಲವೊಮ್ಮೆ ನಲವತ್ತು.

ಆ ಪುಸ್ತಕಗಳು ಹೇಗಿರುತ್ತಿದ್ದವೆಂದು ತಮಗೆ ತಿಳಿದಿದೆಯೋ ಇಲ್ಲವೋ. ತಾವು ಅವುಗಳ ಸಂರಕ್ಷಣಾಧಿಕಾರಿ ಎಂಬ ಒಂದೇ ಕಾರಣಕ್ಕೆ ತಾವು ಅವನ್ನು ತೆರೆದಿರುತ್ತೀರಿ ಎಂದು ಊಹಿಸುವುದು ನ್ಯಾಯವಲ್ಲ. ಆ ನ್ಯಾಯಾಲಯದಲ್ಲಿ ಒಂದು ಪದ್ಧತಿ ಇತ್ತು. ಪುಸ್ತಕ ತೆರೆದರೆ ಎಡಗಡೆಯ ಪುಟದಲ್ಲಿ ಪ್ರಶ್ನೆ, ಅಂಚಿನಲ್ಲಿ ಅದನ್ನು ಕೇಳಿದ ಹೊತ್ತು. ಬಲಗಡೆಯ ಪುಟದಲ್ಲಿ, ಆಯಾ ಪ್ರಶ್ನೆಯ ನೇರಕ್ಕೆ, ಸಾಕ್ಷಿಯ ಉತ್ತರ. ಪ್ರತಿ ಉತ್ತರದ ಕೆಳಗೂ ಸಾಕ್ಷಿಯ ಸಹಿ, ಬರೆಯಲು ಬಾರದವರಾದರೆ ಹೆಬ್ಬೆಟ್ಟಿನ ಗುರುತು. ಮೊಕದ್ದಮೆ ಮುಗಿದ ಮೇಲೆ ತೀರ್ಪಿನ ನಕಲನ್ನು ಅಲ್ಲೇ ಕೊನೆಗೆ ಬರೆಯುತ್ತಿದ್ದರು. ನಾನು ಸಾರಾಂಶ ಬರೆಯುತ್ತಿದ್ದದ್ದು ಆ ತೀರ್ಪನ್ನು ನೋಡಿ. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಮೊದಲು ತೀರ್ಪು ಓದಿ ಸಾಲು ಬರೆಯುವುದು, ಆಮೇಲೆ ಮೊದಲ ಪುಟಕ್ಕೆ ಹಿಂದಿರುಗಿ ಕಕ್ಷಿಗಾರರ ಹೆಸರು, ಊರು, ಉದ್ಯೋಗ ತುಂಬುವುದು. ನಡುವಿನ ಹೇಳಿಕೆಗಳ ಮೇಲೆ ಹಾಗೇ ಕಣ್ಣಾಡಿಸಿದರೆ ಆಯಿತು.

ಆ ದಿನ ಊಟಕ್ಕೆ ಏಳುವ ಮುಂಚೆ ಒಂದು ಮುಗಿಸೋಣವೆಂದು ನೂರಹದಿನೇಳನೇ ಪುಸ್ತಕದ ಒಂದು ಮೊಕದ್ದಮೆ ತೆರೆದೆ. ತೀರ್ಪು ಹನ್ನೊಂದು ಸಾಲು. ನಾನು ಬರೆದೆ: 'ತಾಯಿಯ ಸಮ್ಮತಿಯ ಮೇರೆಗೆ ನಾಲ್ಕು ವರ್ಷದ ಹೆಣ್ಣುಮಗುವನ್ನು ತಂದೆಯ ಅಣ್ಣನ ವಶಕ್ಕೆ ಕೊಡಲಾಯಿತು.' ಆಮೇಲೆ ಹೆಸರು ತುಂಬಲು ಮೇಲಕ್ಕೆ ಹೋದೆ. ತಾಯಿಯ ಹೆಸರು ನನ್ನ ಅಜ್ಜಿಯದು. ಉದ್ಯೋಗ, ಸಾಬೂನು ಕಾರ್ಖಾನೆಯಲ್ಲಿ ಕೂಲಿ. ಮಗುವಿನ ಹೆಸರು, ಆವತ್ತು ಬೆಳಿಗ್ಗೆ ನನಗೆ ಬುತ್ತಿ ಕಟ್ಟಿಕೊಟ್ಟವರದು.

ಮಾನ್ಯರೇ, ಆ ಸಾಲು ನನಗೆ ಹೊಸದಾಗಿರಲಿಲ್ಲ. ಹೆಚ್ಚುಕಡಿಮೆ ಅದೇ ಮಾತನ್ನು ಕೇಳಿಕೊಂಡೇ ನನ್ನ ಅಮ್ಮ ದೊಡ್ಡವರಾದದ್ದು. ದೊಡ್ಡಪ್ಪನ ಮನೆಯಲ್ಲಿ ಹೊಟ್ಟೆಗೆ ಬಟ್ಟೆಗೆ ಕೊರತೆ ಮಾಡಲಿಲ್ಲವಂತೆ. ಆದರೆ ತಟ್ಟೆ ಜಾರಿಸಿದಾಗ, ಎದುರು ಮಾತಾಡಿದಾಗ, ಜ್ವರ ಬಂದು ಅತ್ತಾಗ ದೊಡ್ಡಮ್ಮ ಒಂದೇ ಮಾತು ಹೇಳುತ್ತಿದ್ದರಂತೆ. "ನಿನ್ನ ಹೆತ್ತವಳು ಜಡ್ಜಿನ ಮುಂದೆಯೇ ಕರ್ಕೊಂಡು ಹೋಗಿ ಅಂದಳು. ನಾವಲ್ಲದಿದ್ರೆ ಯಾರಿದ್ರು ನಿನಗೆ?" ಅಜ್ಜಿ ಅದಾಗಿ ಮೂರು ವರ್ಷಕ್ಕೆ ತೀರಿಕೊಂಡರು, ಕೇಳೋಣವೆಂದರೆ ಆಕೆಯೂ ಇಲ್ಲ. ಹೀಗಾಗಿ ಎಪ್ಪತ್ತೆರಡು ವರ್ಷ ಆ ಮಾತು ಹಾಗೇ ಉಳಿಯಿತು. ನಮ್ಮ ಮನೆಯಲ್ಲಿ ಅಜ್ಜಿಯ ಫೋಟೋ ಇಲ್ಲ. ಆಕೆಯ ಹೆಸರನ್ನು ಅಮ್ಮನ ಬಾಯಲ್ಲಿ ನಾನು ಕೇಳಿದ್ದು ಎರಡೇ ಸಲ, ಎರಡೂ ಸಲ ಸರ್ಕಾರಿ ಅರ್ಜಿ ತುಂಬುವಾಗ. ನಮ್ಮನ್ನಂತೂ ಅಮ್ಮ ಯಾರ ಮನೆಯಲ್ಲೂ ಒಬ್ಬೊಬ್ಬರನ್ನೇ ಬಿಟ್ಟವರಲ್ಲ. ರಜೆಗೆಂದು ಅತ್ತೆ ನನ್ನನ್ನು ಕರೆದರೆ, ಕರೆಯದೆಯೇ ತಾವೂ ಚೀಲ ತುಂಬಿಕೊಂಡು ಹೊರಡುತ್ತಿದ್ದರು. ಅತ್ತೆ ಅದನ್ನೇ ಹೇಳಿಕೊಂಡು ನಗುತ್ತಿದ್ದಳು: "ಒಂದು ತಗೊಂಡ್ರೆ ಒಂದು ಉಚಿತ." ನಾವೂ ನಗುತ್ತಿದ್ದೆವು.

ಅಂತೂ ಆ ದಿನ ನಾನು ಊಟಕ್ಕೆ ಏಳಲಿಲ್ಲ. ಮೊಟ್ಟಮೊದಲ ಸಲ ಒಂದು ಹೇಳಿಕೆಯನ್ನು ಪೂರ್ತಿ ಓದಲು ಕೂತೆ. ಹೆಸರೇನು, ಗಂಡ ತೀರಿ ಎಷ್ಟು ದಿನವಾಯಿತು, ಎಲ್ಲಿ ಕೆಲಸ ಎಂಬ ಪ್ರಶ್ನೆಗಳಿಗೆ ಅಜ್ಜಿ ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ಆಮೇಲೆ ಬರೀ ಪ್ರಶ್ನೆಗಳು. ಒಂದು ಪುಟ, ಇನ್ನೊಂದು ಪುಟ, ಮತ್ತೊಂದು ಪುಟ, ಮೂರರಲ್ಲೂ ಪ್ರಶ್ನೆಗಳೇ. ಒಟ್ಟು ಏಳು. ಅದರ ಹಿಂದೆಯೇ ತೀರ್ಪು. ಉತ್ತರಗಳು ಎಲ್ಲಿ ಹೋದವು? ಆಗ ಪುಟಗಳ ಮೇಲಿನ ಅಂಕಿ ನೋಡಿದೆ. ಇನ್ನೂರ ಹನ್ನೆರಡು, ಇನ್ನೂರ ಹದಿನಾಲ್ಕು, ಇನ್ನೂರ ಹದಿನಾರು.

ಪ್ರತಿ ತೆಗೆಯುವ ಯಂತ್ರವಿರುವುದು ಕೆಳಗಿನ ಮಹಡಿಯಲ್ಲಿ. ಅದನ್ನು ನಡೆಸುವ ಹೆಂಗಸಿಗೆ ಅವಳ ಕೈ ಓಡುವ ವೇಗ ನೋಡಿ ನಾವೆಲ್ಲ ಮಿಂಚು ಎಂದು ಹೆಸರಿಟ್ಟಿದ್ದೆವು. ಅವಳನ್ನು ಕೇಳಿದೆ.

"ಖಾಲಿ ಪುಟ ಇರಬೇಕು ಅಕ್ಕಾ. ಖಾಲಿ ಇದ್ರೆ ಮಷಿನೇ ಬಿಟ್ಬಿಡುತ್ತೆ, ನಾನೇನೂ ಒತ್ತಬೇಕಾಗಿಲ್ಲ."

"ಖಾಲಿ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಮಸಿ ಇಷ್ಟಕ್ಕಿಂತ ಕಮ್ಮಿ ಇದ್ರೆ ಖಾಲಿ ಅಂತ ಮೇಲಿನವರು ಸೆಟ್ ಮಾಡಿದ್ದಾರೆ. ದಿನಕ್ಕೆ ಎರಡು ಸಾವಿರ ಪುಟ ಆಗಬೇಕಲ್ಲ. ಏನೂ ಇಲ್ಲದ್ದನ್ನ ಇಟ್ಕೊಂಡು ಯಾರಿಗೆ ಏನು ಉಪಯೋಗ, ನೀವೇ ಹೇಳಿ."

ಅವಳ ಮೇಲೆ ತಾವು ದಯವಿಟ್ಟು ಕಣ್ಣು ಕೆಂಪಗೆ ಮಾಡಬೇಡಿ. ಅವಳು ಕೇಳಿದ್ದು ತಮ್ಮ ಸುತ್ತೋಲೆಯಲ್ಲೇ ಇರುವ ಪ್ರಶ್ನೆ, ತಾವು ಅದನ್ನು ಇನ್ನೂ ದೊಡ್ಡ ಪದಗಳಲ್ಲಿ ಬರೆದಿದ್ದೀರಿ, ಅಷ್ಟೇ ವ್ಯತ್ಯಾಸ.

ಮೂಲ ಪುಸ್ತಕಗಳಿದ್ದ ಕೋಣೆಯ ಕೀಲಿ ರಟ್ಟು ಕಟ್ಟುವ ಹಿರಿಯರ ಹತ್ತಿರ ಇರುತ್ತಿತ್ತು. ಕೈಗೆ ಸದಾ ಅಂಟು ಮೆತ್ತಿಕೊಂಡಿರುತ್ತಿದ್ದ ಅವರನ್ನು ಗೋಂದಜ್ಜ ಎನ್ನುತ್ತಿದ್ದೆವು. ಅವರು ಹೋದ ತಿಂಗಳು ನಿವೃತ್ತರಾದರು, ಆದ್ದರಿಂದ ಶಿಸ್ತುಕ್ರಮಕ್ಕೆ ಸಿಗುವುದಿಲ್ಲ ಎಂಬ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ ನೋಡಿ ಯಾಕೆ ಏನು ಅಂತ ಕೇಳದೆ ಏಣಿ ಹತ್ತಿದರು. ಧೂಳು ಹೊಡೆದು, ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ, ಆ ಪುಟಗಳನ್ನು ತೆರೆದು ಪಕ್ಕಕ್ಕೆ ಸರಿದು ನಿಂತರು.

ಎಡಗಡೆ ಪ್ರಶ್ನೆಗಳು, ನಾನು ಪರದೆಯ ಮೇಲೆ ಓದಿದವೇ. 'ಮಗುವನ್ನು ಗಂಡನ ಅಣ್ಣನ ವಶಕ್ಕೆ ಕೊಡಲು ನಿನಗೆ ಒಪ್ಪಿಗೆಯೇ?' ಅಂಚಿನಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ಅದೇ ಪ್ರಶ್ನೆ ಇನ್ನೊಮ್ಮೆ. 'ಪ್ರಶ್ನೆ ಅರ್ಥವಾಯಿತೇ?' 'ನೀನು ಕಾರ್ಖಾನೆಗೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?' 'ಉತ್ತರ ಕೊಡದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು, ತಿಳಿಯಿತೇ?' 'ಮಗು ಹೊರಗೆ ಬೆಂಚಿನ ಮೇಲೆ ಕೂತಿದೆ, ನೋಡಬೇಕೇ?' ಕೊನೆಗೆ ಮತ್ತೆ ಮೊದಲನೆಯದೇ, ಹನ್ನೆರಡು ಐವತ್ತೈದಕ್ಕೆ.

ಬಲಗಡೆ ಏನೂ ಬರೆದಿರಲಿಲ್ಲ. ಬರಿಯ ಹಳದಿ ಕಾಗದ. ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡವು, ಚಹಾದ ಕಲೆಯಂತೆ ಮಾಸಿದ ಹೆಬ್ಬೆಟ್ಟಿನ ಗುರುತುಗಳು. ಏಳು ಪ್ರಶ್ನೆಗೆ ಏಳು. ಉತ್ತರಕ್ಕೆಲ್ಲ ಗುರುತು ಬೇಕೆಂಬುದು ನಿಯಮ. ಆ ಗುಮಾಸ್ತ ಯಾರೋ, ಉತ್ತರ ಬಾರದಿದ್ದಾಗಲೂ ನಿಯಮ ಬಿಡಲಿಲ್ಲ. ಆಕೆ ಸುಮ್ಮನಿದ್ದಷ್ಟು ಜಾಗವನ್ನು ಸುಮ್ಮನೆ ಬಿಟ್ಟು, ಕೆಳಗೆ ಆಕೆಯ ಹೆಬ್ಬೆಟ್ಟು ಒತ್ತಿಸಿದ್ದಾನೆ. ಆರನೆಯದು, ಬೆಂಚಿನ ಪ್ರಶ್ನೆಯದು, ಜಾರಿದೆ. ಬೆರಳು ನಿಂತಲ್ಲಿ ನಿಲ್ಲದೆ ಅಂಚಿನವರೆಗೂ ಎಳೆದುಕೊಂಡು ಹೋಗಿದೆ.

ಗೋಂದಜ್ಜ ಬಹಳ ಹೊತ್ತು ನೋಡಿದರು. "ನಲವತ್ತು ವರ್ಷ ಇವನ್ನ ಹೊಲಿದಿದ್ದೀನಿ ತಾಯಿ. ಈ ಥರ ಪುಟ ಎಷ್ಟೋ ಇದಾವೆ. ಬರೆಯೋದು ಮರೆತಿದ್ದಾರೆ ಅಂದ್ಕೊಂಡಿದ್ದೆ," ಎಂದರು. ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾದದ್ದೇ ಪುಸ್ತಕ ಮುಚ್ಚಿ ಮೇಲಿಟ್ಟರು. ಆ ಕೋಣೆಗೆ ಫೋನು ಒಯ್ಯುವಂತಿಲ್ಲವಾದ್ದರಿಂದ ನನ್ನ ಹತ್ತಿರ ಚಿತ್ರವೂ ಇಲ್ಲ. ಇಡೀ ಲೋಕದಲ್ಲಿ ಆ ಪುಟಗಳನ್ನು ನೋಡಿದ, ಈಗ ಬದುಕಿರುವ ಜನ ನಾವಿಬ್ಬರೇ ಇರಬೇಕು.

ಸಂಜೆ ಅಮ್ಮನಿಗೆ ಹೇಳಿದೆ. ಅವರು ಬಟ್ಟೆ ಮಡಿಸುತ್ತಿದ್ದರು, ಮಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಏನೋ ದೊಡ್ಡ ನಿಧಿ ತಂದವಳಂತೆ, ಆಕೆ ಒಪ್ಪಲಿಲ್ಲ ಅಮ್ಮಾ, ಒಂದು ಸಲವೂ ಹೂಂ ಅನ್ನಲಿಲ್ಲ, ಅಂತ ಹೇಳುತ್ತ ಹೋದೆ. ಅಮ್ಮ ಒಂದು ಲಂಗದ ಲಾಡಿ ಸರಿಮಾಡಿ ಕೇಳಿದರು, "ಬೇಡ ಅಂದಳಾ?"

"ಬೇಡ ಅಂತಾನೂ ಹೇಳಲಿಲ್ಲ. ಸುಮ್ಮನಿದ್ದರು."

"ಬಾಯಿ ಇತ್ತಲ್ಲ. ಹೆಸರು ಕೇಳಿದಾಗ ಹೇಳಿದಳು ಅಂತೀಯ. ಇದಕ್ಕೆ ಮಾತ್ರ ಯಾಕೆ ಸುಮ್ಮನಾದಳು?"

ಮಾನ್ಯರೇ, ನನ್ನ ಅಜ್ಜಿ ವೀರವನಿತೆ ಎಂದು ಸಾಬೀತುಪಡಿಸಲು ಈ ಪತ್ರ ಬರೆಯುತ್ತಿಲ್ಲ. ಹೂಂ ಎಂದರೆ ಮಗು ಹೋಗುತ್ತದೆ. ಊಹೂಂ ಎಂದರೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಕಾದು ನಿಂತಿದೆ. ಎರಡರ ನಡುವೆ ದಿಕ್ಕು ತೋಚಲಿಲ್ಲವೋ, ಹಟ ಹಿಡಿದು ಕೂತರೋ, ಮೊದಲೇ ಸೋತಿದ್ದರೋ, ಯಾರಿಗೆ ಗೊತ್ತು? ಇಷ್ಟು ಮಾತ್ರ ಗೊತ್ತು, 'ಕರ್ಕೊಂಡು ಹೋಗಿ' ಎಂಬ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬಂದಿಲ್ಲ.

ಅಮ್ಮ ಮಡಿಸಿದ ಬಟ್ಟೆಗಳನ್ನು ಕಪಾಟಿನಲ್ಲಿಟ್ಟು ಬಂದರು. ನೆಲ ನೋಡುತ್ತ ಕೇಳಿದರು, "ಎಷ್ಟು ಹೊತ್ತು ಕೇಳಿದರಂತೆ?"

ಅಂಚಿನಲ್ಲಿದ್ದ ಹೊತ್ತು ಲೆಕ್ಕಹಾಕಿ ಹೇಳಿದೆ. ಒಂದೂ ಮುಕ್ಕಾಲು ಗಂಟೆ.

"ಅಷ್ಟು ಹೊತ್ತಾ?" ಎಂದರು. ಆಮೇಲೆ, ನನಗಲ್ಲದೆ ಬೇರೆ ಯಾರಿಗೋ ಹೇಳುವಂತೆ, "ಬೆಂಚು ನೆನಪಿದೆ ನನಗೆ. ಕಾಲು ನೆಲಕ್ಕೆ ಎಟುಕ್ತಾ ಇರಲಿಲ್ಲ. ಬಾಗಿಲು ಈಗ ತೆರೆಯುತ್ತೆ, ಈಗ ತೆರೆಯುತ್ತೆ ಅಂತ ನೋಡ್ತಾನೇ ಇದ್ದೆ. ಅದು ಕೋರ್ಟು ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ, ಆಸ್ಪತ್ರೆ ಅಂದ್ಕೊಂಡಿದ್ದೆ."

ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬುತ್ತಿ ಕೊಡುವಾಗ, "ನಾನೊಂದ್ಸಲ ಅದನ್ನ ನೋಡಬೇಕು. ನೀನು ಹೇಳಿದ್ದಲ್ಲ, ಕಾಗದ," ಎಂದರು. ಎಪ್ಪತ್ತಾರು ವರ್ಷದಲ್ಲಿ ನನ್ನ ಅಮ್ಮ ತಮ್ಮ ತಾಯಿಯ ವಿಷಯವಾಗಿ ಕೇಳಿದ್ದು ಇದೊಂದೇ.

ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ತಮ್ಮ ಕಚೇರಿಯ ಮೇಲ್ವಿಚಾರಕರು ಬಾಯಿಮಾತಿನಲ್ಲೇ ಉತ್ತರಿಸಿದರು. ಮೂಲ ಪುಸ್ತಕ ಮುಟ್ಟುವಂತಿಲ್ಲ, ಕಾಗದ ಬಹಳ ನಾಜೂಕು, ಹರಿದುಹೋದೀತು. ಮುಟ್ಟಿದರೆ ಹರಿದೀತೆಂದು ಯಾರಿಗೂ ಮುಟ್ಟಗೊಡದೆ ಗಿರಣಿಯ ರುಬ್ಬುಗುಂಡಿಗೆ ಸುರಿಯುವ ಈ ಕಾಳಜಿಯನ್ನು ನಾನು ಮೆಚ್ಚಿಕೊಳ್ಳಲೇಬೇಕು. ಎರಡನೆಯದಕ್ಕೆ ಪರದೆಯ ಮೇಲಿನ ಪ್ರತಿಯನ್ನೇ ನೋಡಿ ಎಂದರು. ಅದರಲ್ಲಿ ಆ ಪುಟಗಳಿಲ್ಲ ಎಂದು ಮೂರನೆಯದನ್ನು ಬರೆದಾಗ ಮಾತ್ರ ಕಾಗದದ ಮೇಲೆ ಉತ್ತರ ಬಂತು, ಒಂದೇ ಸಾಲು: 'ಕೋರಿರುವ ಪುಟಗಳು ದಾಖಲೆಯಲ್ಲಿ ಲಭ್ಯವಿಲ್ಲದ ಕಾರಣ ತೋರಿಸಲು ಅವಕಾಶವಿರುವುದಿಲ್ಲ.' ಇದನ್ನು ಬರೆದವರಿಗೆ ನನ್ನ ಕೆಲಸ ಕೊಡಬಹುದು. ಸಾರಾಂಶ ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಜಾಗವಿಲ್ಲ, ಗೆದ್ದಲಿದೆ, ಚಾವಣಿ ಸೋರುತ್ತದೆ ಎಂದು ತಾವು ಹೇಳಬಹುದು. ಎಲ್ಲವೂ ನಿಜ, ಸೋರುವ ನೀರಿಗೆ ಬಕೆಟ್ ಇಟ್ಟವರಲ್ಲಿ ನಾನೂ ಒಬ್ಬಳು. ಇಷ್ಟೆಲ್ಲ ಕಾಗದವನ್ನು ಹೊತ್ತುಕೊಂಡು ಕೂರಲು ಯಾವ ಕಚೇರಿಗೂ ಆಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ತಾವು ಕಾಪಾಡುತ್ತಿರುವುದು ಯಾರಿಗಾಗಿ? ಸಂಶೋಧಕರಿಗಾಗಿ ಎನ್ನುತ್ತೀರಿ. ನಾಳೆ ಒಬ್ಬ ಸಂಶೋಧಕಿ ಬಂದು ತಮ್ಮ ಪ್ರತಿಗಳನ್ನು ಓದಿ, ಆ ಕಾಲದಲ್ಲಿ ತಾಯಂದಿರು ಮಕ್ಕಳನ್ನು ಬಿಟ್ಟುಕೊಡಲು ಸುಲಭವಾಗಿ ಒಪ್ಪುತ್ತಿದ್ದರು ಎಂದು ಪ್ರಬಂಧ ಬರೆದರೆ ಅದು ಅವಳ ತಪ್ಪೇ? ನ್ಯಾಯಾಧೀಶರು ಒಂದೂ ಮುಕ್ಕಾಲು ಗಂಟೆ ಕಾದು ಆಮೇಲೆ ಸಮ್ಮತಿಯೆಂದು ಬರೆದರು. ತಮ್ಮ ಯಂತ್ರ ಅಷ್ಟೂ ಕಾಯಲಿಲ್ಲ. ಪದ್ಯ ಓದುವ ಅಭ್ಯಾಸವಿರುವವರಿಗೆ ಸಾಲು ಮುಗಿದ ಮೇಲಿನ ಬಿಳಿ ಜಾಗವನ್ನೂ ಓದಬೇಕೆಂದು ತಿಳಿದಿರುತ್ತದೆ. ಆ ಗುಮಾಸ್ತ ಪದ್ಯ ಓದುತ್ತಿದ್ದನೋ ಏನೋ ತಿಳಿಯದು, ಅವನಿಗೆ ಅದು ತಿಳಿದಿತ್ತು. ನನಗೆ ತಿಳಿದಿದ್ದೂ ನಾನು ನೋಡಲಿಲ್ಲ.

ಇಲ್ಲಿಯವರೆಗೆ ತಮ್ಮನ್ನು ದೂರಿದೆ. ಇನ್ನು ನನ್ನದು. ಪುಸ್ತಕವೊಂದರ ಸಾರಾಂಶ ಮುಗಿದ ಮೇಲೆ, 'ಪ್ರತಿ ಪೂರ್ಣವಾಗಿದೆ' ಎಂಬ ಒಂದು ಹಾಳೆಗೆ ನಾವು ಸಹಿ ಮಾಡಬೇಕಿತ್ತು. ಆ ಸಹಿ ಇದ್ದರೆ ಮಾತ್ರ ಮೂಲ ಪುಸ್ತಕ ವಿಲೇವಾರಿಗೆ ಹೋಗುತ್ತದೆ. ಕಾಗದವನ್ನು ಕಣ್ಣಿನಿಂದ ನೋಡದೆ, ಪುಟದ ಅಂಕಿ ಎಣಿಸದೆ, ಅರವತ್ತೊಂದು ಪುಸ್ತಕಗಳಿಗೆ ನಾನು ಸಹಿ ಮಾಡಿದ್ದೇನೆ. ಅವುಗಳಲ್ಲಿ ಮೂವತ್ತೆಂಟು ಹೋದ ತಿಂಗಳ ಮೊದಲ ಲಾರಿಯಲ್ಲೇ ಹೋದವು. ಉಳಿದ ಇಪ್ಪತ್ತಮೂರು ಈಗಿನ ತೊಂಬತ್ತಮೂರರಲ್ಲಿವೆ, ಮಿಕ್ಕವಕ್ಕೂ ನೂರಹದಿನೇಳಕ್ಕೂ ಸಹಿ ಮಾಡಿದ ಸಹೋದ್ಯೋಗಿಗಳು ನನ್ನ ಹಾಗೆಯೇ ನೋಡದೆ ಮಾಡಿದವರು. ಲಾರಿ ಹೊರಟಾಗ ನಾನು ಕಿಟಕಿಯಲ್ಲಿ ನಿಂತು ನೋಡಿದ್ದೆ, ಧೂಳು ಕಡಿಮೆಯಾಯಿತಲ್ಲ ಅಂತ ಮಿಂಚುವಿನ ಜೊತೆ ಸಮಾಧಾನದ ಮಾತೂ ಆಡಿದ್ದೆ. ಆಗಿನ್ನೂ ನನಗೆ ನೂರಹದಿನೇಳು ಗೊತ್ತಿರಲಿಲ್ಲ.

ಆ ಮೂವತ್ತೆಂಟರಲ್ಲಿ ಎಷ್ಟು ಜನ ಸುಮ್ಮನಿದ್ದರು? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಬಸ್ಸಿನಲ್ಲಿ ಎದುರಿನ ಸೀಟಿನ ಹೆಂಗಸು ಕಿಟಕಿಯಾಚೆ ನೋಡುತ್ತ ಮಾತಿಲ್ಲದೆ ಕೂತರೆ, ಅವಳು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲವೋ ಎನಿಸುತ್ತದೆ. ಅಂಗಡಿಯಲ್ಲಿ ಬಿಳಿ ಹಾಳೆಯ ಪುಸ್ತಕ ಕೊಳ್ಳಲು ಹೋಗಿ, ಹಾಳೆಯನ್ನು ಬೆಳಕಿಗೆ ಓರೆಮಾಡಿ ನೋಡುತ್ತ ನಿಂತುಬಿಟ್ಟೆ. ಅಂಗಡಿಯವನು ಏನಾದರೂ ಕಲೆ ಇದೆಯಾ ಎಂದು ಕೇಳಿದ. ಗಿರಣಿಯಲ್ಲಿ ಕರಗಿದ ಕಾಗದ ಹೊಸ ಕಾಗದವಾಗಿ ಬರುತ್ತದಂತೆ. ನನ್ನ ಒಂದು ಸಾಲಿನ ಸಾರಾಂಶಗಳು ಮಾತ್ರ ತಮ್ಮ ಯಂತ್ರದಲ್ಲಿ ನಿಚ್ಚಳವಾಗಿ ಉಳಿದಿವೆ: ಸಮ್ಮತಿ, ಸಮ್ಮತಿ, ರಾಜಿ, ಸಮ್ಮತಿ. ಇದನ್ನೆಲ್ಲ ಮೇಲ್ವಿಚಾರಕರಿಗೆ ಹೇಳಿ, ಸಹಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಮಾಡಿದ ಸಹಿಯನ್ನು ಅಳಿಸಲು ನಿಯಮವಿಲ್ಲ ಎಂದರು. ನನ್ನ ಗುತ್ತಿಗೆಯನ್ನು ಮುಂದುವರಿಸದಿರಲು ಮಾತ್ರ ನಿಯಮ ಇತ್ತು.

ಆದ್ದರಿಂದ ಈಗ ಬಹಿರಂಗವಾಗಿ ಹೇಳುತ್ತಿದ್ದೇನೆ. ನಾನು ಮಾಡಿದ ಅರವತ್ತೊಂದು ಸಹಿಗಳೂ ಸುಳ್ಳು. ಸುಳ್ಳು ಸಹಿಯ ಆಧಾರದ ಮೇಲೆ ತಾವು ಇನ್ನೊಂದು ಪುಸ್ತಕವನ್ನೂ ಕಳಿಸಬಾರದು. ತೊಂಬತ್ತಮೂರನ್ನೂ ತಡೆದು, ಯಂತ್ರ ಬಿಟ್ಟ ಪುಟಗಳನ್ನು ಒಬ್ಬ ಮನುಷ್ಯನ ಕಣ್ಣಿನಿಂದ ನೋಡಿಸಿ, ಖಾಲಿಯೆಂದು ಕಂಡದ್ದನ್ನೂ ಪ್ರತಿ ತೆಗೆಸಿ. ಪುಟ ಎಣಿಸುವ ಕೆಲಸಕ್ಕೆ ಜನರಿಲ್ಲವೆಂದರೆ ನಾನಿದ್ದೇನೆ, ಸಂಬಳ ಬೇಡ. ಗೋಂದಜ್ಜನೂ ಬರುತ್ತೇನೆ ಎಂದಿದ್ದಾರೆ, ಮನೆಯಲ್ಲಿ ಅವರಿಗೆ ಹೊತ್ತು ಹೋಗುತ್ತಿಲ್ಲವಂತೆ.

ಇಷ್ಟಕ್ಕೆ ಸಮಿತಿ ಸೇರಬೇಕು, ಕಡತ ಮೇಲೆ ಹೋಗಬೇಕು, ಸಮಯ ಹಿಡಿಯುತ್ತದೆ ಎನ್ನುವುದಾದರೆ ಆಗಲಿ. ಒಂದು ಕೆಲಸಕ್ಕೆ ಮಾತ್ರ ಸಮಿತಿ ಬೇಡ. ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಅವರಿಗೆ ಮಂಡಿನೋವು, ಎರಡು ಮಹಡಿ ಹತ್ತಲು ಹೊತ್ತು ಹಿಡಿಯುತ್ತದೆ, ಆದರೂ ಹತ್ತುತ್ತೇನೆ ಎಂದಿದ್ದಾರೆ. ಬೆಳಕು ಬೀಳುವ ಕಡೆ ಒಂದು ಮೇಜು, ಒಂದು ಕುರ್ಚಿ ಹಾಕಿಸಿ. ನೂರಹದಿನೇಳನೇ ಪುಸ್ತಕ ತೆಗೆಸಿ ಇಡಿ. ಗುರುತಿನ ಚೀಟಿ, ಅರ್ಜಿ ನಮೂನೆ, ಉದ್ದೇಶವೇನು ಎಂಬ ಪ್ರಶ್ನೆ, ಏನಿದ್ದರೂ ನನ್ನನ್ನು ಕೇಳಿ, ಎಲ್ಲಕ್ಕೂ ಬರೆದುಕೊಡುತ್ತೇನೆ. ಅವರನ್ನು ಮಾತ್ರ ಯಾರೂ ಏನೂ ಕೇಳಬಾರದು. ಅವರಾಗಿ ಏಳುವವರೆಗೆ ಕೂತಿರಲಿ, ಎಷ್ಟು ಹೊತ್ತಾದರೂ ಸರಿ.

ಇಂತಿ,
ಓದಲು ಕಲಿತಿದ್ದೂ ಓದದೆ ಸಹಿ ಮಾಡಿದ,
ತಮ್ಮ ಮಾಜಿ ಸಾರಾಂಶ ಬರಹಗಾರ್ತಿ